ಹೋಲಿಕೆ

ಹಾಸಿಗೆ ಕೊಡವುತ್ತಿದ್ದ ಗೋವಿಂದಮ್ಮನ ಕಾಲ ಬಳಿ ಹೊಗೆಸೊಪ್ಪಿನ ಕಡ್ಡಿಪುಡಿಯ ಪೊಟ್ಟಣ ಬಿತ್ತು. ತನ್ನದೇ ಇರಬೇಕೆಂದು ಸೊಂಟ ಮುಟ್ಟಿ ನೋಡಿಕೊಂಡಳು. ತನ್ನದು ಅಲ್ಲೇ ಇತ್ತು. ಚೊಚ್ಚಲ ಹೆರಿಗೆಗೆಂದು ಹುಲ್ಲಹಳ್ಳಿಯ ತವರಿಗೆ ಬಂದಿದ್ದ ಮಗಳು ದಿವ್ಯ, ಎಂಟು ತಿಂಗಳ ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

"ಯಾವಾಗ್ಲಿಂದ ಮಗ?"

"ಮದ್ವೆಗ್ ಮುಂಚಿಂದ್ಲೂವೆ."

"ಒಟ್ಟೇಲಿ ಕೂಸ್ ಮಡೀಕಂಡು... ಬುಟ್ಬುಡವ್ವ."

"ನೀನ್ ಬುಟ್ಟಿದ್ದೀಯಾ? ನರಸೀಪುರದ ಸಂಗಮದಲ್ಲಿ ಅಪ್ಪ, ನೀನು ಇಬ್ರೂ ಬುಟ್ಟು ಬಂದ್ರಲ್ಲ. ನಿಂದು ಎಷ್ಟ್ ದಿನ ತಡೀತು?"

ಮೂರು ದಿನ. ಗಂಡ ಕರಿಯಯ್ಯ ಬೀಡಿಕಟ್ಟನ್ನು ಹೊಳೆಗೆಸೆದು ಮುಳುಗೆದ್ದವನು ಮತ್ತೆ ಮುಟ್ಟಲಿಲ್ಲ. ಅವಳಿಗೆ ನಾಲ್ಕನೆಯ ದಿನ ನಾಟಿ ಗದ್ದೆಯಲ್ಲಿ ಕೈ ನಡುಗಿ ಪೈರು ನಿಲ್ಲಲಿಲ್ಲ. ಪಕ್ಕದ ಸಾಲಿನ ಪಾಪಮ್ಮನ ಮುಂದೆ ಅಂಗೈ ಒಡ್ಡಿದ್ದಳು. "ಗಂಡನ್ಗಿರೋ ಚಲ ನಿಂಗಿಲ್ವಲ್ಲಮ್ಮಿ" ಎಂದು ಗದ್ದೆಗೆ ಗದ್ದೆಯೇ ನಕ್ಕಿತ್ತು.

ಆ ನಗು ಮರೆಯಬಹುದು. ಮರೆಯಲಾಗದ್ದು ಇನ್ನೊಂದಿತ್ತು. ದಿವ್ಯ ಆರು ವರ್ಷದವಳಿದ್ದಾಗ ಹಲ್ಲುನೋವೆಂದು ಅತ್ತಾಗ, ತಾನೇ ಒಂದು ಚಿಟಿಕೆ ಪುಡಿ ತೆಗೆದು ಅವಳ ವಸಡಿಗೆ ಒತ್ತಿದ್ದಳು. ತನಗೆ ತನ್ನವ್ವ ಮಾಡಿದ್ದೂ ಹಾಗೆಯೇ. ಮಗು ಬಿಕ್ಕಳಿಸುತ್ತಲೇ ನಿದ್ದೆ ಹೋಗಿತ್ತು.

ಮಗಳನ್ನು ತೋರಿಸಲು ಕರೆದೊಯ್ದ ನಂಜನಗೂಡಿನ ಆಸ್ಪತ್ರೆಯಲ್ಲಿ ಅದನ್ನೇ ಮೊದಲು ಹೇಳಿದಳು. "ನನ್ ಕೈಯಾರೆ ಕಲಿಸ್ದೆ ಡಾಕ್ಟ್ರಮ್ಮ."

ಚಿಕ್ಕ ವಯಸ್ಸಿನ ಡಾಕ್ಟರು ಬೈಯಲಿಲ್ಲ. "ನಿಮ್ಮ ತಾಯೀನೂ ಹಾಕ್ತಿದ್ರಾ?"

"ಸಾಯೋಗಂಟ. ದವಡೆ ಊದ್ಕಂಡಿದ್ರೂ ಒಂದ್ ಚಿಟ್ಕೆ ಕೊಡು ಅಂತಿತ್ತು."

"ಹಾಗಾದ್ರೆ ಎಲ್ಲಾ ನಿಮ್ಮ ತಪ್ಪು ಅಂದ್ಕೋಬೇಡಿ. ಕೆಲವರಿಗೆ ಬೇಗ ಅಂಟ್ಕೊಳ್ಳುತ್ತೆ, ಬಿಡೋದೂ ಕಷ್ಟ. ಸ್ವಲ್ಪ ಮಟ್ಟಿಗೆ ಅದು ರಕ್ತದಲ್ಲೇ ಬರುತ್ತೆ. ಬಿಡೋಕೇ ಆಗಲ್ಲ ಅಂತಲ್ಲ." ದಿವ್ಯಳ ಕಡೆ ತಿರುಗಿ, "ನೀವು ಇವತ್ತೇ ನಿಲ್ಲಿಸ್ಬೇಕು" ಎಂದರು.

ಬಸ್ಸಿನಲ್ಲಿ ದಿವ್ಯ ತಾಯಿಯ ಮೊಣಕೈ ತಿವಿದಳು. "ಕೇಳಿಸ್ಕಂಡ್ಯಾ? ನಿನ್ ತಪ್ಪಲ್ವಂತೆ."

ಗೋವಿಂದಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಕೈಯ ತಪ್ಪಾಗಿದ್ದರೆ ಕೈ ಬಿಗಿಹಿಡಿಯಬಹುದಿತ್ತು. ಹುಟ್ಟುವ ಕೂಸಿನ ವಸಡಿಗೆ ಯಾರೂ ಪುಡಿ ಮುಟ್ಟಿಸದಂತೆ ಕಾಯಬಹುದಿತ್ತು. ರಕ್ತವನ್ನು ಎಲ್ಲಿ ನಿಂತು ಕಾಯುವುದು?

ಮನೆಗೆ ಬಂದವಳೇ ದಿವ್ಯ ಪೊಟ್ಟಣವನ್ನು ಒಲೆಗೆ ಹಾಕಿದಳು. ಐದನೆಯ ದಿನ ಅವಳ ನೈಟಿ ಒಗೆಯಲು ನೆನೆಹಾಕುವಾಗ ಜೇಬಿನಿಂದ ಅದೇ ವಾಸನೆ ಬಂತು. ಗೋವಿಂದಮ್ಮ ಜೇಬನ್ನು ಹೊರಮಗುಚಿ ಸೋಪು ಹಾಕಿ ಉಜ್ಜಿದಳು.

ಹೆಣ್ಣು ಕೂಸು ಹುಟ್ಟಿತು, ತೂಕ ಕಡಿಮೆ. ನೋಡಲು ಬಂದ ಪಾಪಮ್ಮ ಬಟ್ಟೆ ಸರಿಸಿದಳು.

"ಅಣೆ ಅವ್ರಪ್ಪಂದು. ಬಾಯಿ ಮಾತ್ರ ನಿಂದೇ ಕಣಮ್ಮಿ, ಎತ್ತಿ ಮಡಗ್ದಂಗದೆ! ಮೊಮ್ಮಗಳು ಅಜ್ಜಿನೇ ವೋಲ್ತದೆ."

"ಇಲ್ಲ ಕಣಕ್ಕ," ಗೋವಿಂದಮ್ಮ ಅವಸರದಿಂದ ಹೇಳಿದಳು, "ಬಾಯೂ ಅಳಿಯಂದೇ. ಸರ್ಯಾಗ್ ನೋಡು."

ಕೂಸನ್ನೆತ್ತಿಕೊಂಡು ಬೆಳಕಿಗೆಂದು ಬಾಗಿಲ ಬಳಿ ಹೋದಳು. ಅದು ನಿದ್ದೆಯಲ್ಲೇ ತುಟಿ ಮುಂದೆ ಮಾಡಿ, ಬಾಯಲ್ಲಿ ಏನೂ ಇಲ್ಲದಿದ್ದರೂ ಚೀಪುತ್ತಲೇ ಇತ್ತು.