ಎಸರು

ನಂಜಮಣಿಯ ಕಂಪ್ಯೂಟರಿನ ಕೀಲಿಗಳ ಮೇಲೆ ಯಾವಾಗಲೂ ರಾಗಿಹಿಟ್ಟಿನ ತೆಳುವಾದ ಪದರವಿರುತ್ತಿತ್ತು. ಅವಳ ತಾಯಿ ದೇವೀರಮ್ಮ ನಡೆಸುತ್ತಿದ್ದ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯೇ ಅವಳ ಮೊದಲ ಆಫೀಸು. ಈಗ ಅದು ದೊಡ್ಡ ಕಂಪನಿ. ಪತ್ರಿಕೆಯವರು ಬಂದು ಅವಳ ಆರಂಭದ ದಿನಗಳ ಬಗ್ಗೆ ಗೆಳತಿಯಾದ ನನ್ನನ್ನು ಕೇಳುತ್ತಾರೆ. ನಾನು ಆ ಹಿಟ್ಟಿನ ಬಗ್ಗೆ ಹೇಳುತ್ತೇನೆ, ಸಭಾಂಗಣದ ಬಗ್ಗೆ ಹೇಳುವುದಿಲ್ಲ.

ಮಾತನ್ನು ಕೇಳಿ ಕನ್ನಡದಲ್ಲಿ ಬರೆಯುವ ಯಂತ್ರ ಅವಳ ಕನಸು. ಓದುಬರಹ ಬಾರದ ತನ್ನ ತಾಯಿಯಂಥವರು ಅರ್ಜಿಗಳನ್ನು ಬಾಯಲ್ಲೇ ಹೇಳಿ ಬರೆಸಬೇಕೆಂದು ಅವಳ ಆಸೆ. ಆದರೆ ಅದಕ್ಕೆ ಕಲಿಸಲು ತನ್ನ ದನಿಯನ್ನು ಕೊಡಲೊಲ್ಲಳು. ಶಾಲೆಯಲ್ಲಿ ಪಾಠ ಓದಲು ಎದ್ದರೆ ಅವಳ ಬಾಯಿಂದ ಹಕಾರ ಬಿಟ್ಟುಹೋಗುತ್ತಿತ್ತು, ತರಗತಿ ನಗುತ್ತಿತ್ತು. ಅಂದಿನಿಂದ ಅವಳು ತುಟಿ ಬಿಗಿದು, ಕೆಟ್ಟ ರೇಡಿಯೋಗಳನ್ನು ಬಿಚ್ಚುತ್ತ ಬೆಳೆದಳು.

"ನನ್ ಮಾತು ಬ್ಯಾಡ ಕಣೇ. ಮಿಸೀನ್ಗೂ ನನ್ ಜಾಡ್ಯ ಅಂಟ್ಕತದೆ. ನೀನೇ ಓದು."

ಮನುಷ್ಯರೆದುರು ಬಾಯಿ ತೆರೆಯಲು ನಾಚುತ್ತಿದ್ದ ನನಗೆ ಯಂತ್ರದ ಮುಂದೆ ಸಂಕೋಚವಿರಲಿಲ್ಲ. ತಿಂಗಳುಗಟ್ಟಲೆ ಓದಿದೆ. ಅದು ನನ್ನ ಮಾತನ್ನು ಅಕ್ಷರ ತಪ್ಪದೆ ಬರೆಯತೊಡಗಿತು.

ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವವರು ನಮ್ಮನ್ನು ಸಭಾಂಗಣಕ್ಕೆ ಕರೆಸಿದರು. ಅವರು ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆವು. ಜನರತ್ತ ನೋಡದೆ ನಾನು ಓದಿದೆ, ಪರದೆಯ ಮೇಲೆ ಸಾಲುಗಳು ಮೂಡಿದವು. ಚಪ್ಪಾಳೆ. ಆಗ ಹಣ ಹೂಡುವವರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ನಂಜಮಣಿಗೆ, "ಇದನ್ನ ಕಟ್ಟಿದೋರು ನೀವಲ್ವೇನಮ್ಮ? ನೀವೂ ಒಂದು ಮಾತಾಡಿ, ನೋಡೋಣ" ಎಂದರು.

ತೋಳಿಗಂಟಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಅವಳು ಮೈಕಿನ ಹತ್ತಿರ ಬಂದು ತನ್ನ ಹೆಸರು ಹೇಳಿದಳು. ಪರದೆಯ ತುಂಬ ಮೂಡಿತು: 'ನನ್ನ ಎಸರು ನಂಜಮಣಿ.'

"ಎಸರು ಕುದೀತಾ ಇದೆಯೇನಮ್ಮ?" ಎಂದರು ಹಿರಿಯರು. "ಮುದ್ದೆಗೋ, ಅನ್ನಕ್ಕೋ?"

ಸಭೆ ಗೊಳ್ಳೆಂದಿತು. ನಗು ನಿಂತ ಮೇಲೆ ಅವರು ಹಣ ಹೂಡಲು ಒಪ್ಪಿಯೂ ಬಿಟ್ಟರು. "ಆದ್ರೆ ಜನದ ಮುಂದೆ ಈ ಹುಡುಗಿ ಬರ್ಲಿ," ಎಂದು ನನ್ನತ್ತ ತೋರಿಸಿದರು. "ಎಷ್ಟು ಶುದ್ಧ ಕನ್ನಡ! ಇವಳ ಥರ ಮಾತಾಡೋದನ್ನ ಜನ ಕಲೀಲಿ. ನೀವು ಹಿಂದೆ ಇದ್ದು ಕೆಲಸ ನೋಡ್ಕೊಳ್ಳಿ."

ನಂಜಮಣಿ ನನ್ನ ಕಡೆ ತಿರುಗಿದಳು. ನಾನು ನಗುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನ ದನಿಯನ್ನು ಮೆಚ್ಚಿದ್ದರು. ಆ ನಗುವನ್ನು ಅವಳು ಕಂಡುಬಿಟ್ಟಳು. ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

"ಯೋಚ್ನೆ ಮಾಡಿ ಏಳ್ತೀನಿ ಸಾ," ಎಂದಳು.

"ನಿಂತೇ ಇದೀಯಲ್ಲಮ್ಮ, ಇನ್ನೆಲ್ಲಿಗೆ ಏಳ್ತೀಯಾ?" ಹಿಂದಿನಿಂದ ಯಾರೋ ಕಿಸಕ್ಕೆಂದರು.

ಮರುದಿನ ಹೋದಾಗ ಗಿರಣಿ ನಿಂತಿತ್ತು. ಡಬ್ಬಿ ಹಿಡಿದ ಹೆಂಗಸರೆಲ್ಲ ಹಿಂದಿನ ಕೋಣೆಯಲ್ಲಿದ್ದರು.

"ಗಿರಣಿ ನಿಲ್ಸುದ್ರೆ ಗಿರಾಕಿಗಳು ಮೇಗಲ ಬೀದಿಗೋಯ್ತರೆ ಕಣವ್ವ," ದೇವೀರಮ್ಮ ಗೊಣಗುತ್ತಿದ್ದರು.

"ಓಗ್ಲಿ ಬುಡವ್ವ. ಸದ್ದಿದ್ರೆ ಇವ್ರ ಮಾತು ಮಿಸೀನ್ಗೆ ಕೇಳಕಿಲ್ಲ," ಎಂದಳು ನಂಜಮಣಿ.

"ನಂಜಿ, ಆ ಬಂಡವಾಳ?" ಎಂದೆ.

"ಬ್ಯಾಡ ಅಂದೆ. ನಮ್ಮವ್ವನ ಮಾತು ಬರೀದಿದ್ರೆ ಯಾಕ್ ಬೇಕು ಈ ಮಿಸೀನು?" ನನ್ನ ಮುಖ ನೋಡದೆ ಹೇಳಿದಳು: "ನೀನೊಸಿ ಸುಮ್ಕೆ ಕೂತ್ಕ."

ಗೋಡೆಗೆ ಒರಗಿ ಕೂತೆ. ಒಬ್ಬ ಮುದುಕಿ ಸೆರಗನ್ನು ಸರಿಮಾಡಿಕೊಂಡು, ನಾಮಕರಣದಲ್ಲಿ ಮಗುವಿನ ಕಿವಿಗೆ ಬಾಗುವ ಹಾಗೆ ಮೈಕಿಗೆ ಬಾಗಿ, ತನ್ನ ಹೆಸರನ್ನು ಪಿಸುಗುಟ್ಟಿದಳು. ಆ ದನಿಯಲ್ಲಿ ನನ್ನದು ಬೆರೆಯದಿರಲೆಂದು ನಾನು ಉಸಿರು ಬಿಗಿಹಿಡಿದೆ.