ಒತ್ತಿದ ಹೆಬ್ಬೆಟ್ಟು

ಗುಜರಿ ಡಬ್ಬವನ್ನು ಅವಳು ನೆಲಕ್ಕೆ ಸುರಿದ ಸದ್ದಿಗೆ, ಮುಂದಿನ ಕೋಣೆಯಲ್ಲಿ ಹೆಣದ ಸುತ್ತ ಕೂತಿದ್ದವರೆಲ್ಲ ಬೆಚ್ಚಿಬಿದ್ದರು. ಮಗಳು ಎದ್ದು ಹಿಂದಿನ ಕೆಲಸದ ಕೋಣೆಗೆ ಓಡಿಬಂದಳು. ಅಮ್ಮ ಹಲಗೆ ನೆಲದ ಮೇಲೆ ಮಂಡಿಯೂರಿ, ಹಿತ್ತಾಳೆ ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಡುತ್ತಿದ್ದಳು.

“ಅಮ್ಮ, ಗಾಡಿ ಬಂದಿದೆ. ಎಲ್ಲ ಕಾಯ್ತಿದ್ದಾರೆ. ಏನು ಹುಡುಕ್ತಿದೀಯ?”

“ನಿಮ್ಮಪ್ಪನ ಹೆಬ್ಬೆಟ್ಟು.”

ನಿನ್ನೆ ಸಂಜೆಯಿಂದ ಅಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ತಲೆಯೇ ಕೆಟ್ಟಿತೇನೋ ಎಂದು ಮಗಳು ಬಾಗಿಲಲ್ಲೇ ನಿಂತಳು.

ತಲೆ ಕೆಟ್ಟಿರಲಿಲ್ಲ. ಗಂಡ ಎರಕದವನು, ಹೆಂಡತಿ ಅರದವಳು. ಇಬ್ಬರೂ ಸೇರಿ ಮೂವತ್ತೊಂದು ವರ್ಷ ಹಳೇ ಕಾಲದ ಮಾದರಿಯ ಬಂದೂಕುಗಳಿಗೆ ಹಿತ್ತಾಳೆಯ ಬಿಡಿಭಾಗ ಮಾಡಿದ್ದರು. ಗೋಡೆಗೆ ತೂಗುಹಾಕುವ, ನಾಟಕದಲ್ಲಿ ಹೆಗಲಿಗೇರಿಸುವ ಬಂದೂಕುಗಳು; ಒಂದು ನೊಣವನ್ನೂ ಕೊಂದವಲ್ಲ. ಅವನು ಮರಳಿನಲ್ಲಿ ಅಚ್ಚು ಮಾಡಿ ಹಿತ್ತಾಳೆ ಹೊಯ್ಯುವನು. ಅವಳು ಅದಕ್ಕೆ ಅರ ಹಾಕಿ, ಬಂದೂಕಿನ ಮರಕ್ಕೆ ಸರಿಯಾಗಿ ಕೂರುವಂತೆ ನುಣುಪು ಮಾಡುವಳು.

ಅವನಿಗೊಂದು ಕೆಟ್ಟ ಚಾಳಿಯಿತ್ತು. ಮರಳು ಬಿಗಿದಿದೆಯೋ ಇಲ್ಲವೋ ಎಂದು ಅಚ್ಚಿನ ಗುಳಿಯೊಳಗೇ ಹೆಬ್ಬೆಟ್ಟು ಒತ್ತಿ ನೋಡುವುದು. ಒತ್ತಿದಲ್ಲಿ ಹಿತ್ತಾಳೆ ತುಂಬಿಕೊಂಡು, ಬಂದೂಕಿನ ಮರದ ತುದಿಗೆ ಕೂರಿಸುವ ತಟ್ಟೆಯ ಒಳಮೈಯಲ್ಲಿ ಕಡಲೆಕಾಳಿನಷ್ಟು ಉಬ್ಬು, ಅದರ ಮೇಲೆ ಅವನ ಬೆರಳಿನ ಗೆರೆಗಳು. ಉಬ್ಬಿದ್ದರೆ ತಟ್ಟೆ ಮರಕ್ಕೆ ಕೂರುವುದಿಲ್ಲ. ಅವಳು ದಿನವೂ ಬೈದುಕೊಂಡು ಅದನ್ನು ಉಜ್ಜಿಹಾಕುತ್ತಿದ್ದಳು.

*

ನಿನ್ನೆ ಬೆಳಿಗ್ಗೆಯೂ ಬೈದಿದ್ದಳು.

“ನಿಮ್ಮ ಹೆಬ್ಬೆಟ್ಟು ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು. ಪಕ್ಕದಲ್ಲಿ ಒತ್ತಿ ನೋಡಿದ್ರೆ ಆಗಲ್ವಾ?”

“ಉಪ್ಪು ನೋಡೋಕೆ ಪಕ್ಕದ್ಮನೆ ಪಾತ್ರೆಗೆ ಸೌಟು ಹಾಕ್ತಾರೇನೇ?”

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ನಿನ್ನೆ ಮಣಿಕಟ್ಟು ವಿಪರೀತ ನೋಯುತ್ತಿತ್ತು. “ಇನ್ನೊಂದು ತಟ್ಟೇಲಿ ಆ ಬೆರಳು ಕಂಡ್ರೆ ನಾನು ಅರ ಮುಟ್ಟಲ್ಲ, ಹೇಳಿದೀನಿ.”

ಸಂಜೆ ಅವನು ಅಂಗಳದಲ್ಲಿ ಹಿತ್ತಾಳೆ ಹೊಯ್ದು, ಗಟ್ಟಿಯಾದ ಮೇಲೆ ಅಚ್ಚನ್ನು ಒಳಗೆ ತಂದಿಟ್ಟು, ಕೈ ತೊಳೆದು ಟೀ ಲೋಟ ಹಿಡಿದು ಕೂತ. ಲೋಟ ಬಿತ್ತು. “ಒಂದು ಲೋಟ ಹಿಡ್ಕೊಳ್ಳೋಕೂ ಆಗಲ್ವಾ ನಿಮಗೆ” ಎಂದು ಬೈದ ಮೇಲೆಯೇ ಅವಳು ತಿರುಗಿ ನೋಡಿದ್ದು.

*

“ಎಲ್ಲ ನಾನೇ ಉಜ್ಜಿ ಹಾಕಿದೀನಿ. ಒಂದೂ ಬಿಟ್ಟಿಲ್ಲ,” ಎಂದಳು ಅಮ್ಮ, ಕೊನೆಯ ತುಂಡನ್ನು ಕೆಳಗಿಟ್ಟು.

ಮಗಳು ಪಕ್ಕದಲ್ಲಿ ಕೂತಳು. “ಅಪ್ಪ ಇನ್ನೂ ಇಲ್ಲೇ ಇದ್ದಾರಲ್ಲಮ್ಮ. ಇಂಕು ತರ್ಲಾ? ಕಾಗದದ ಮೇಲೆ ಒತ್ತಿಸೋಣ.”

“ಒತ್ತಿಸಿದ್ದು ಬೇಡ. ಅವರಾಗಿ ಒತ್ತಿದ್ದು ಬೇಕು.”

ಬಂದೂಕಿಗೆ ಮರದ ಕೆಲಸ ಮಾಡುವ ಬಡಗಿ, ಸತ್ತವನ ಹಳೇ ಗೆಳೆಯ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮೂಲೆಯ ಕಡೆ ಕೈ ತೋರಿಸಿದ.

“ಅತ್ತಿಗೆ, ನಿನ್ನೆ ಹೊಯ್ದ ಅಚ್ಚು ಇನ್ನೂ ಒಡೆದಿಲ್ಲವಲ್ಲ.”

ಅವಳು ಅವನನ್ನೇ ನೋಡಿದಳು. ನಿನ್ನೆಯಿಂದ ಮರಗಟ್ಟಿದ್ದ ಮುಖದಲ್ಲಿ ಜೀವ ಬಂತು. ಬಡಗಿ ಮುಂದಿನ ಕೋಣೆಗೆ “ಐದು ನಿಮಿಷ ತಡೀರಪ್ಪ” ಎಂದು ಕೂಗಿ ಹೇಳಿದ. ಅಷ್ಟರಲ್ಲಿ ಅವಳು ಮರಳಿನ ಪೆಟ್ಟಿಗೆಯನ್ನು ಎಳೆದು, ಸುತ್ತಿಗೆಯಿಂದ ಬಡಿದು, ಎತ್ತಿ ಬೋರಲು ಹಾಕಿದ್ದಳು. ಮರಳು ಕುಸಿದು ನೆಲದ ತುಂಬ ಹರಡಿತು. ನಡುವೆ ತಟ್ಟೆ.

ಅವಳು ಅದನ್ನು ಕೊಡವಿ ಒಳಮೈ ತಿರುಗಿಸಿದಳು. ಅಂಗೈಯಿಂದ ಒರೆಸಿದಳು. ಬೆಳಕಿಗೆ ಓರೆಯಾಗಿ ಹಿಡಿದಳು. ಉಬ್ಬಿರಲಿಲ್ಲ.

“ಮಾತು ಕೇಳಿಬಿಟ್ರಲ್ಲ,” ಎಂದಳು. ಸಿಡಿಲು ಬಡಿದವಳ ಹಾಗೆ ಕೂತುಬಿಟ್ಟಳು.

ಬಡಗಿಗೆ ಅವಳ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿದ. ತಗ್ಗಿಸಿದವನು ಮೆಲ್ಲಗೆ ಹೇಳಿದ, “ಅತ್ತಿಗೆ, ಕಾಲು ಅಲ್ಲಾಡಿಸಬೇಡಿ.”

ಅವಳ ಪಾದದ ಪಕ್ಕದಲ್ಲಿ ಅಚ್ಚಿನ ಅಂಚಿನಿಂದ ಮುರಿದು ಬಿದ್ದ ಮರಳಿನ ಹೆಂಟೆಯೊಂದಿತ್ತು. ಅದರಲ್ಲಿ ಅರ್ಧ ಹೆಬ್ಬೆಟ್ಟು, ಗೆರೆಗಳ ಸಮೇತ. ಉಳಿದರ್ಧ ಈಗಷ್ಟೇ ಅವಳ ಕೈಯಲ್ಲೇ ಪುಡಿಯಾಗಿತ್ತು. ಅವಳು ಹೇಳಿದ ಹಾಗೆ ಅವನು ಪಕ್ಕದಲ್ಲಿ ಒತ್ತಿ ನೋಡಿದ್ದ.

ಮಗಳು ಕೈ ಚಾಚಿದಳು.

“ಮುಟ್ಟಬೇಡ. ಒಣಗಿದೆ, ಉದುರಿಹೋಗುತ್ತೆ,” ಎಂದಳು ಅಮ್ಮ.

ಉಸಿರು ಬಿಗಿಹಿಡಿದು, ಗಾಳಿ ತಾಗದಂತೆ ಎರಡೂ ಅಂಗೈಗಳನ್ನು ಅದರ ಸುತ್ತ ಅಡ್ಡ ಹಿಡಿದಳು.

ಮುಂದಿನ ಕೋಣೆಯಲ್ಲಿ ಯಾರೋ, “ಗಾಡಿಗಾದ್ರೂ ಹಾಕೋಣ, ಆಮೇಲೆ ಅವರನ್ನ ಕರೆದರಾಯ್ತು” ಎಂದರು. ಭಾರ ಹೊತ್ತ ಆರು ಜನರ ಹೆಜ್ಜೆಗಳು ಹಲಗೆ ನೆಲದ ಮೇಲೆ ಬಾಗಿಲ ಕಡೆ ಹೊರಟವು. ಒಂದೊಂದು ಹೆಜ್ಜೆಗೂ ಹೆಬ್ಬೆಟ್ಟಿನ ಅಂಚಿನಿಂದ ಒಂದಿಷ್ಟು ಮರಳು ಉದುರುತ್ತಿತ್ತು.