ಮಾಲ್ಸುನ್ ಚಿಕ್ಕಮ್ಮನ ಎರಡನೇ ಮದುವೆ

ನಮ್ಮ ಮಾಲ್ಸುನ್ ಚಿಕ್ಕಮ್ಮ ಕೊರಿಯಾದ ಮೊಕ್‌ಪೋ ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಒಬ್ಬಳೇ ಇದ್ದವಳು, ಅರವತ್ತೆರಡರಲ್ಲಿ ಮತ್ತೆ ಮದುವೆಗೆ ಒಪ್ಪಿದಳು. ವರ ಪ್ಯೋ ದೊಕ್ಸು, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದ ವಿಧುರ.

ಮದುವೆಯ ದಿನ ಹಾನ್‌ಬೊಕ್ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಕೂತಿದ್ದ ಚಿಕ್ಕಮ್ಮ, "ಒಂದಕ್ಕೆ ಹೋಗ್ಬರ್ತೀನಿ" ಎಂದು ಎದ್ದವಳು ಅಡುಗೆಮನೆಯ ಹಿಂಬಾಗಿಲಿನಿಂದ ಪರಾರಿಯಾದಳು. ನಾನು ಬೆನ್ನಟ್ಟಿದೆ. ಅವಳು ಬಸ್ ಹತ್ತಿದಳು, ನಾನೂ ಹತ್ತಿದೆ.

"ಎಲ್ಲಿಗೆ ಚಿಕ್ಕಮ್ಮ?"

"ಯಾವ್ದಾದ್ರೂ ದ್ವೀಪಕ್ಕೆ. ಎದೆ ಡವಡವ ಅಂತಿದೆ ಕಣೇ. ಒಬ್ಬನ್ನ ಮಣ್ಣು ಮಾಡಿದ್ದಾಯ್ತು. ಇವರೂ ಸತ್ರೆ?"

"ಇನ್ನೂ ಮದುವೆನೇ ಆಗಿಲ್ಲ, ಆಗ್ಲೇ ಸಾಯಿಸ್ತಿದ್ದೀಯಲ್ಲ!"

ಬಂದರಿನ ಟಿಕೆಟ್ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ನೀಲಿ ಹಾನ್‌ಬೊಕ್ ತೊಟ್ಟ ಗಂಡಸೊಬ್ಬ ಕಿಂಡಿಯೊಳಗೆ ಬಗ್ಗಿ, "ಎಲ್ಲಕ್ಕಿಂತ ದೂರದ್ದು ಒಂದು ಕೊಡಿ" ಎನ್ನುತ್ತಿದ್ದ. ದನಿ ಕೇಳಿ ಚಿಕ್ಕಮ್ಮ ಅವನ ಹೆಗಲು ಹಿಡಿದು ತಿರುಗಿಸಿದಳು. ಸಾಕ್ಷಾತ್ ದೊಕ್ಸು!

"ಅಯ್ಯೋ ಪಾಪಿ! ನನ್ನನ್ನ ಮದುವೆಮನೇಲಿ ಬಿಟ್ಟು ಓಡ್ತಿದ್ದೀರಾ?"

"ನೀವು ಮದುವೆಮನೇಲಿ ಎಲ್ಲಿದ್ದೀರಿ?"

ಟಿಕೆಟ್ ಕೊಡುವಾಕೆ ಗದರಿದಳು: "ಇಬ್ಬರಿಗೂ ಒಂದೇ ಹಡಗೋ, ಬೇರೆಬೇರೆಯೋ? ಬೇಗ ಹೇಳಿ, ಹಿಂದೆ ಜನ ಕಾಯ್ತಿದ್ದಾರೆ."

ಇಬ್ಬರೂ ಬೆಂಚಿನ ಮೇಲೆ ಕುಸಿದರು. ದೊಕ್ಸು ಅತ್ತಿತ್ತ ನೋಡಿ, ಮೇಲಿನ ಹಲ್ಲುಸೆಟ್ಟನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದ. "ಇಥಕ್ಕೇ ಭಯ. ನೀವು ನೋಥಿದ್ರೆ ಏನಂಥೀರೋ ಅಂಥ."

ಚಿಕ್ಕಮ್ಮ ನಕ್ಕು ನಕ್ಕು, ಬಾಯಿ ಒರೆಸಿಕೊಂಡು ತುಟಿಬಣ್ಣವನ್ನು ಗಲ್ಲಕ್ಕೆಲ್ಲ ಮೆತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾನು ದಿನಾ ಬೆಳಿಗ್ಗೆ ಸತ್ತೋರ ಫೋಟೋ ಜೊತೆ ಮಾತಾಡ್ತೀನಿ."

ಅವನು ಹಲ್ಲು ಸಿಕ್ಕಿಸಿಕೊಂಡ. "ಆಡಿ. ನನ್ನ ಮೇಲೆ ಚಾಡಿ ಮಾತ್ರ ಹೇಳ್ಬೇಡಿ."

"ಅದನ್ನಂತೂ ಹೇಳೇ ಹೇಳ್ತೀನಿ. ಆದ್ರೆ... ನೀವೂ ಹೋಗ್ಬಿಟ್ರೆ?"

"ಇವತ್ತಂತೂ ಹೋಗಲ್ಲ. ಹೊಟ್ಟೆ ಹಸೀತಿದೆ."

ಅಷ್ಟರಲ್ಲಿ ನನ್ನ ಫೋನಿನಲ್ಲಿ ಅಮ್ಮ ಕಿರುಚಿದಳು: "ಎಲ್ಲಿ ಸತ್ರೇ? ಮದುವೆ ಮುಗೀತು ಅಂದ್ಕೊಂಡು ನೆಂಟರೆಲ್ಲ ಉಂಡು ಹೊರಡ್ತಿದಾರೆ!"

ಟ್ಯಾಕ್ಸಿ ಹಿಡಿದು ಓಡಿದೆವು. ಅರ್ಧ ಜನ ಹಲ್ಲು ಕಡ್ಡಿ ಹಿಡಿದೇ ಮತ್ತೆ ಬಂದು ಕೂತರು. ವಧೂವರರು ಒಬ್ಬರಿಗೊಬ್ಬರು ನಮಸ್ಕರಿಸುವ ಹೊತ್ತು.

"ನಡುಗ್ತಿದ್ದೀರಾ?" ಚಿಕ್ಕಮ್ಮ ಪಿಸುಗುಟ್ಟಿದಳು.

"ಹೂಂ. ನೀವು?"

"ನಾನೂ. ಬಗ್ಗಿ."

ಇಬ್ಬರೂ ಮಂಡಿಯೂರಿ ನೆಲ ಮುಟ್ಟಿ ಬಗ್ಗಿದರು. ಮೊಣಕಾಲು ಹಿಡಿದುಕೊಂಡು ಇಬ್ಬರಿಗೂ ಏಳಲಾಗಲಿಲ್ಲ. ನಾನೂ ಅಮ್ಮನೂ ಒಬ್ಬೊಬ್ಬರ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದೆವು.